ಧವನ್ ಬೆಳೆಸಿದ ಎಂಜಿನಿಯರುಗಳು

ಬೆಂಗಳೂರು ದೇಶದ ಬಾಹ್ಯಾಕಾಶ ಚಟುವಟಿಕೆಗಳ ಕೇಂದ್ರವಾದದ್ದರ ಹಿಂದೆ ಒಬ್ಬ ಮೇಷ್ಟ್ರು ಹಾಕಿದ ಷರತ್ತಿದೆ. 1971ರ ಡಿಸೆಂಬರ್ 30ರಂದು, ದೇಶದ ಬಾಹ್ಯಾಕಾಶ ಸಂಸ್ಥೆ ಇಸ್ರೋವನ್ನು ಮುನ್ನಡೆಸುತ್ತಿದ್ದ ವಿಕ್ರಮ್ ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಆಗ ರಜೆಯ ಮೇಲೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದರು. ಅವರು ಪಿಎಚ್.ಡಿ. ಮಾಡಿದ್ದೂ ಅಲ್ಲೇ. ಸಾರಾಭಾಯಿ ಬಿಟ್ಟುಹೋದ ಕೆಲಸವನ್ನು ವಹಿಸಿಕೊಳ್ಳಬೇಕೆಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ಧವನ್ ಒಪ್ಪಿದರು, ಎರಡು ಷರತ್ತುಗಳ ಮೇಲೆ. ಇಸ್ರೋದ ಪ್ರಧಾನ ಕಚೇರಿ ಬೆಂಗಳೂರಿನಲ್ಲಿರಬೇಕು. ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಸರ್ಕಾರ ಎರಡಕ್ಕೂ ಹೂಂ ಎಂದಿತು. ಅವರು ಬರುವವರೆಗಿನ ತಿಂಗಳುಗಳಲ್ಲಿ ಎಂ.ಜಿ.ಕೆ. ಮೆನನ್ ಹೊಣೆ ನೋಡಿಕೊಂಡರು. 1972ರಲ್ಲಿ ಅಧಿಕಾರ ವಹಿಸಿಕೊಂಡ ಧವನ್ 1984ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. ಅದರಲ್ಲಿ ಮೊದಲ ಒಂಬತ್ತು ವರ್ಷ ವಿಜ್ಞಾನ ಸಂಸ್ಥೆಯ ಹೊಣೆಯೂ ಅವರದೇ.

ಇಸ್ರೋದ ಕಥೆ ಸಾಮಾನ್ಯವಾಗಿ ರಾಕೆಟ್ಟುಗಳ ಕಥೆಯಾಗಿಯೇ ನಮಗೆ ಸಿಗುತ್ತದೆ: ಎಷ್ಟು ಎತ್ತರ, ಎಷ್ಟು ತೂಕ, ಯಾವ ಕಕ್ಷೆ. ಧವನ್ ಅವರ ಹನ್ನೆರಡು ವರ್ಷಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮಾತ್ರ, ಯಂತ್ರದ ಬಗ್ಗೆ ಯೋಚಿಸುವ ಮೊದಲು ಅದನ್ನು ಮಾಡುವವರ ಬಗ್ಗೆ ಯೋಚಿಸಿದ ಒಬ್ಬ ಎಂಜಿನಿಯರ್ ಕಾಣುತ್ತಾರೆ. ಇಂದು ಕಂಪನಿಗಳ ತರಬೇತಿಗಳಲ್ಲಿ ‘ಜನ ಮೊದಲು’ ಎಂಬ ಮಾತು ಧಾರಾಳವಾಗಿ ಕೇಳಿಬರುತ್ತದೆ. ಎಷ್ಟೋ ಕಡೆ ಅದು ಹುಟ್ಟುಹಬ್ಬದ ಕೇಕು, ವರ್ಷಕ್ಕೊಂದು ರೆಸಾರ್ಟ್ ಪ್ರವಾಸ, ನಗುಮುಖದ ಮೇಲಧಿಕಾರಿ ಇಷ್ಟಕ್ಕೇ ಮುಗಿದುಹೋಗುತ್ತದೆ. ಎಂಜಿನಿಯರಿಂಗ್ ವೃತ್ತಿಯಲ್ಲಿ ಅದನ್ನು ಅಳೆಯಬೇಕಾದ ಪ್ರಶ್ನೆಗಳೇ ಬೇರೆ. ಹೊಣೆಯನ್ನು ಯಾರ ಕೈಗೆ ಕೊಡುತ್ತಾರೆ? ಕೆಲಸ ಕೆಟ್ಟಾಗ ಎದುರಿಗೆ ನಿಲ್ಲುವವರು ಯಾರು? ಕಿರಿಯರು ಹೇಳಿದ ಮಾತು ಮೇಲಿನವರೆಗೆ ಮುಟ್ಟುತ್ತದೆಯೇ? ಕೆಲಸದಲ್ಲೇ ಪಳಗಿದವನಿಗೆ ಕೆಲಸ ಬಿಡದೆ ಮೇಲೇರುವ ದಾರಿ ಇದೆಯೇ?

ಧವನ್ ಹುಟ್ಟಿದ್ದು 1920ರಲ್ಲಿ, ಶ್ರೀನಗರದಲ್ಲಿ. ಲಾಹೋರಿನಲ್ಲಿ ಅವರು ಪಡೆದ ಪದವಿಗಳ ಜೋಡಣೆ ಅಪರೂಪದ್ದು: ಭೌತಶಾಸ್ತ್ರ ಮತ್ತು ಗಣಿತದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್. ಮಿನೆಸೋಟ ಮತ್ತು ಕ್ಯಾಲ್‌ಟೆಕ್‌ಗಳಲ್ಲಿ ಓದು ಮುಗಿಸಿ 1951ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ದೇಶದ ಮೊದಲ ಸೂಪರ್‌ಸಾನಿಕ್ ವಿಂಡ್ ಟನಲ್ ಅವರು ಅಲ್ಲಿ ಕಟ್ಟಿದ್ದು. ಶಬ್ದಕ್ಕಿಂತ ವೇಗವಾದ ಗಾಳಿಯ ಹರಿವನ್ನು ಪರೀಕ್ಷಿಸುವ ಪುಟ್ಟ ಉಪಕರಣ ಅದು. ನಾಯಕತ್ವದ ಮಾತು ಬಂದಾಗ ಈ ವಿವರವನ್ನು ಮರೆಯಬಾರದು. ಎಂಜಿನಿಯರುಗಳು ಗೌರವಿಸುವುದು ಕೆಲಸ ಗೊತ್ತಿರುವವರನ್ನು. ಧವನ್ ಅವರ ಮಾತಿಗೆ ತೂಕ ಬಂದದ್ದು ಕುರ್ಚಿಯಿಂದಲ್ಲ.

ಆ ದಿನಗಳಲ್ಲಿ ಅವರ ಬಳಿಗೆ ಬಂದ ವಿದ್ಯಾರ್ಥಿಗಳಲ್ಲಿ ಒಬ್ಬರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ವಿಜ್ಞಾನ ಸಂಸ್ಥೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟ ಒಂದು ದಿನ, ಅಲ್ಲಿನ ಏರೋನಾಟಿಕಲ್ ವಿಭಾಗದ ಅಂಗಳದಲ್ಲಿ ನಿಂತಿದ್ದ ಸ್ಪಿಟ್‌ಫೈರ್ ವಿಮಾನವನ್ನು ಕಂಡು ಈ ಹುಡುಗ ಮನಸೋತಿದ್ದರು. ಸಿವಿಲ್ಲು, ಮೆಕ್ಯಾನಿಕಲ್ಲು ಓದಿ ಖಾಯಂ ನೌಕರಿ ಹಿಡಿಯುವುದೇ ಜಾಣತನ ಎನಿಸಿಕೊಂಡಿದ್ದ ಕಾಲ ಅದು. ನರಸಿಂಹ ಧವನ್ ಅವರ ಬಳಿ ಕಲಿತರು, ಅವರ ಜೊತೆಗೇ ಸಂಶೋಧನೆ ಮಾಡಿದರು. ಸರಾಗವಾಗಿ ಹರಿಯುತ್ತಿದ್ದ ಗಾಳಿ ವಸ್ತುವಿನ ಮೇಲ್ಮೈ ಬಳಿ ಪ್ರಕ್ಷುಬ್ಧವಾಗುವ ಹಂತವನ್ನು ಕುರಿತು ಗುರು-ಶಿಷ್ಯರು ಸೇರಿ ಬರೆದ ಪ್ರಬಂಧ 1958ರಲ್ಲಿ ಪ್ರಕಟವಾಯಿತು. ಆ ವಿಷಯದಲ್ಲಿ ಕೆಲಸ ಮಾಡುವವರು ಅದನ್ನು ಇಂದಿಗೂ ತೆರೆದು ನೋಡುತ್ತಾರೆ. ಶಿಷ್ಯನ ಹೆಸರು ಗುರುವಿನ ಹೆಸರಿನ ಪಕ್ಕದಲ್ಲೇ ಇದೆ. ನರಸಿಂಹ ಮುಂದೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ನಿರ್ದೇಶಕರಾದರು. 1987 ಮತ್ತು 1988ರಲ್ಲಿ ಇಸ್ರೋದ ಎಎಸ್‌ಎಲ್‌ವಿ ರಾಕೆಟ್ ಎರಡು ಸಲ ಬಿದ್ದಾಗ, ಕಾರಣಗಳನ್ನು ಹೊರಗಿನ ಕಣ್ಣಿನಿಂದ ಪರಿಶೀಲಿಸಿದ ತಜ್ಞರ ಸಮಿತಿಯ ಮುಖ್ಯಸ್ಥರೂ ಅವರೇ. 1992ರ ಮೇ 20ರಂದು ಎಎಸ್‌ಎಲ್‌ವಿ ಗೆದ್ದಿತು.

1962ರಲ್ಲಿ, ನಲವತ್ತೆರಡರ ಆಸುಪಾಸಿನಲ್ಲಿ, ಧವನ್ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅಲ್ಲಿ ಅವರು ನಡೆದುಕೊಂಡ ರೀತಿ ಒಬ್ಬ ಆಡಳಿತಗಾರನಿಗಿಂತ ತೋಟಗಾರನಿಗೆ ಹತ್ತಿರ: ಮೊದಲು ಒಳ್ಳೆಯ ಸಸಿ ಹುಡುಕುವುದು, ಆಮೇಲೆ ಪಾತಿ ಮಾಡುವುದು. ಪ್ರೋಟೀನುಗಳ ರಚನೆಯ ಅಧ್ಯಯನದಲ್ಲಿ ಜಗತ್ತಿಗೇ ಹೆಸರಾಗಿದ್ದ ಜಿ.ಎನ್. ರಾಮಚಂದ್ರನ್ ಮದರಾಸು ಬಿಟ್ಟು ಬರುವುದಾದಾಗ, ಅವರಿಗಾಗಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಹುಟ್ಟಿಕೊಂಡಿತು. 1973ರಲ್ಲಿ ಮಾಧವ ಗಾಡ್ಗೀಳ್ ಮತ್ತು ಸುಲೋಚನಾ ಗಾಡ್ಗೀಳ್ ದಂಪತಿ ಬಂದರು. ಒಬ್ಬರದು ಪರಿಸರ ವಿಜ್ಞಾನ, ಇನ್ನೊಬ್ಬರದು ಮುಂಗಾರಿನ ಅಧ್ಯಯನ. ಎಂಜಿನಿಯರಿಂಗಿಗೆ ಹೆಸರಾದ ಸಂಸ್ಥೆಯೊಂದರಲ್ಲಿ ಇವೆರಡಕ್ಕೂ ಸಿದ್ಧವಾದ ವಿಭಾಗ ಇರಲಿಲ್ಲ. ಆದರೂ ಗಂಡ-ಹೆಂಡತಿ ಇಬ್ಬರಿಗೂ ಕೆಲಸ ಸಿಕ್ಕಿತು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗಂಡನಿಗೆ ನೌಕರಿ ಸಿಕ್ಕ ಊರಿನಲ್ಲಿ ಹೆಂಡತಿಯ ವಿದ್ಯೆ ಮೂಲೆ ಸೇರಿದ ಉದಾಹರಣೆಗಳು ಎಷ್ಟೋ ಮನೆಗಳಲ್ಲಿವೆ. ಪಶ್ಚಿಮ ಘಟ್ಟದ ಬಗ್ಗೆ, ಮಳೆಯ ಬಗ್ಗೆ ಮುಂದೆ ಈ ಇಬ್ಬರು ಮಾಡಿದ ಕೆಲಸವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

1974ರಲ್ಲಿ ರಸಾಯನ ವಿಜ್ಞಾನಿ ಎ.ಕೆ.ಎನ್. ರೆಡ್ಡಿ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ ಒಂದು ಗುಂಪು ಕಟ್ಟಬೇಕೆಂದಾಗ ಅದಕ್ಕೂ ಜಾಗ ಸಿಕ್ಕಿತು. ಅದೇ ‘ಅಸ್ತ್ರ’. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರ ನೆಲೆ ನಿಂತಿತು. ಕಡಿಮೆ ಸೌದೆ ಉರಿದು, ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆಗೆ ಕಳಿಸುವ ಅಸ್ತ್ರ ಒಲೆಯಲ್ಲಿ ಅಡುಗೆ ಮಾಡಿದ ಅಜ್ಜಿಯರು ನಾಡಿನಲ್ಲಿ ಈಗಲೂ ಇದ್ದಾರೆ. ರಾಕೆಟ್ಟಿನ ಲೆಕ್ಕ ಹಾಕುವ ಸಂಸ್ಥೆಯಲ್ಲಿ ಒಲೆಯ ಲೆಕ್ಕ ಹಾಕುವವರಿಗೂ ಮರ್ಯಾದೆ ಇತ್ತು ಎಂಬುದು ಈ ಬರಹದ ಮಟ್ಟಿಗೆ ಮುಖ್ಯ. ಯಾರಿಗೆ ಯಾವ ಕೆಲಸದಲ್ಲಿ ಜೀವವಿದೆಯೋ ಆ ಕೆಲಸ ಅವರದಾಗಲಿ ಎಂಬ ನಂಬಿಕೆ ಅದರ ಹಿಂದಿದೆ.

ಇಸ್ರೋದಲ್ಲೂ ಧವನ್ ಇದೇ ದಾರಿ ಹಿಡಿದರು. ಕೇರಳದ ತುಂಬಾದಲ್ಲಿ ಚದುರಿದ್ದ ಘಟಕಗಳೆಲ್ಲ ಸೇರಿ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವಾದಾಗ, ಅದನ್ನು ನಡೆಸಲು ಬಂದವರು ಬ್ರಹ್ಮಪ್ರಕಾಶ್. ಅವರು ರಾಕೆಟ್ ತಜ್ಞರಲ್ಲ, ಲೋಹಶಾಸ್ತ್ರಜ್ಞರು. ಐವತ್ತರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗ ನಡೆಸಿದವರು. ಉಪಗ್ರಹದ ಕೆಲಸ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಕೈಯಲ್ಲಿತ್ತು.

ಬೆಂಗಳೂರಿನ ಪೀಣ್ಯದ ಶೆಡ್ಡುಗಳನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. 1972ರಲ್ಲಿ ಕೈಗಾರಿಕಾ ಪ್ರದೇಶದ ಕೆಲವು ಶೆಡ್ಡುಗಳಲ್ಲಿ ರಾವ್ ಅವರ ತಂಡ ಕೆಲಸ ಶುರು ಮಾಡಿತು. ಅಕ್ಕಪಕ್ಕದಲ್ಲೆಲ್ಲ ಲೇತು, ಡ್ರಿಲ್ಲಿಂಗ್ ಮಷೀನು ಇಟ್ಟುಕೊಂಡ ಸಣ್ಣ ಕಾರ್ಖಾನೆಗಳು. ತಂಡದಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಬಿಟ್ಟ ಹುಡುಗರು. ಉಪಗ್ರಹ ಮಾಡುವುದಿರಲಿ, ಅದನ್ನು ಕಣ್ಣಾರೆ ಕಂಡವರೂ ಅವರಲ್ಲಿ ಇರಲಿಲ್ಲ ಎನ್ನಬೇಕು. ಧೂಳಿಲ್ಲದ ಕೋಣೆ, ಉಷ್ಣ ಪರೀಕ್ಷೆಯ ವ್ಯವಸ್ಥೆ ಎಲ್ಲವನ್ನೂ ಅವರೇ ಹೊಂದಿಸಿಕೊಳ್ಳಬೇಕಿತ್ತು. ದತ್ತಾಂಶ ಸ್ವೀಕರಿಸುವ ಉಪಕರಣಗಳಿಗೆ ಜಾಗ ಸಾಲದೆ ಶೌಚಾಲಯವನ್ನೇ ಅದಕ್ಕೆ ಬಿಟ್ಟುಕೊಟ್ಟದ್ದನ್ನು ರಾವ್ ಮುಂದೆ ಹೇಳಿಕೊಳ್ಳುತ್ತಿದ್ದರು. 1975ರ ಏಪ್ರಿಲ್ 19ರಂದು 360 ಕಿಲೋ ತೂಕದ ಆರ್ಯಭಟ ಸೋವಿಯತ್ ರಾಕೆಟ್ಟಿನ ಮೇಲೆ ಕಕ್ಷೆ ಸೇರಿತು.

ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ವೈಜ್ಞಾನಿಕ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಹಾಗೆಂದು ತಂಡವನ್ನು ಯಾರೂ ಒಡೆಯಲಿಲ್ಲ. ಅದೇ ಜನ ಭಾಸ್ಕರ ಉಪಗ್ರಹಗಳಿಗೆ ಕೈಹಾಕಿದರು. ಭಾಸ್ಕರದ ಯೋಜನಾ ನಿರ್ದೇಶಕರಾಗಿದ್ದ ಕೆ. ಕಸ್ತೂರಿರಂಗನ್ ಮುಂದೆ ರಾವ್ ಅವರ ನಂತರ ಇಸ್ರೋ ಅಧ್ಯಕ್ಷರಾದರು. ಧವನ್ ಅವರಿಂದ ಈಚೆಗೆ ಇಸ್ರೋದ ಕಾಯಂ ಅಧ್ಯಕ್ಷರಾದವರೆಲ್ಲ ಆ ಸಂಸ್ಥೆಯ ಒಳಗೇ ಕೆಲಸ ಕಲಿತು ಬೆಳೆದವರು. 1975ರಲ್ಲಿ ಅಹಮದಾಬಾದ್ ಕೇಂದ್ರಕ್ಕೆ ಸೇರಿದ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್ ಕೂಡ ಆ ಸಾಲಿನವರೇ.

1979ರ ಕಥೆ ಬಹಳ ಜನರಿಗೆ ಗೊತ್ತು, ಆದರೆ ಅರ್ಧ ಮಾತ್ರ ಗೊತ್ತು. ಎಸ್‌ಎಲ್‌ವಿ-3 ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ. ನಾಲ್ಕು ಹಂತ, ಸುಮಾರು 22 ಮೀಟರ್ ಎತ್ತರ, 17 ಟನ್ ತೂಕ. ಇಷ್ಟೆಲ್ಲ ಸೇರಿ ಕಕ್ಷೆಗೆ ಒಯ್ಯಬಹುದಾದದ್ದು 40 ಕಿಲೋ. ಯೋಜನಾ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಪಿಎಚ್.ಡಿ. ಮಾಡಿರಲಿಲ್ಲ, ವಿದೇಶದಲ್ಲಿ ಓದಿರಲಿಲ್ಲ. ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ಕೆಲಸದಲ್ಲಿದ್ದಾಗ ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ಮಾಡಿದ್ದರು. ಆ ಯೋಜನೆ ಅಲ್ಲಿಗೇ ನಿಂತುಹೋಗಿತ್ತು. ಕಾಗದದ ಮೇಲೆ ನೋಡಿದರೆ ದೇಶದ ಅತಿ ಕಷ್ಟದ ಎಂಜಿನಿಯರಿಂಗ್ ಕೆಲಸಕ್ಕೆ ಅವರಿಗಿಂತ ದೊಡ್ಡ ಪದವಿಯವರು ಸಿಗುತ್ತಿದ್ದರು. ಆದರೂ ನೂರಾರು ಜನರ ತಂಡ ಕಲಾಂ ಕೈಗೆ ಬಂತು.

ಆಗಸ್ಟ್ 10ರ ಬೆಳಗ್ಗೆ ಶ್ರೀಹರಿಕೋಟಾದಲ್ಲಿ, ಉಡಾವಣೆಗೆ ಕೆಲವೇ ಕ್ಷಣಗಳಿದ್ದಾಗ ಕಂಪ್ಯೂಟರು ಎಣಿಕೆ ನಿಲ್ಲಿಸಿತು. ಏನೋ ಸರಿಯಿಲ್ಲ ಎಂಬ ಸೂಚನೆ. ಜೊತೆಗಿದ್ದ ತಜ್ಞರು ಲೆಕ್ಕ ನೋಡಿ, ಇಂಧನ ಸಾಕಷ್ಟಿದೆ, ಹಾರಿಸಬಹುದು ಎಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಹಾರಿಸಿದರು; ಇದನ್ನು ಅವರೇ ಮುಂದೆ ಹಲವು ಸಭೆಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೊದಲ ಹಂತ ಚೆನ್ನಾಗಿ ನಡೆಯಿತು. ಎರಡನೇ ಹಂತ ಹತೋಟಿ ತಪ್ಪಿತು. ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಆಮೇಲೆ ತನಿಖೆಯಿಂದ ತಿಳಿದದ್ದು ಇಷ್ಟು: ಎರಡನೇ ಹಂತದ ದಿಕ್ಕನ್ನು ನಿಯಂತ್ರಿಸುವ ವ್ಯವಸ್ಥೆಯ ಒಂದು ವಾಲ್ವಿನಲ್ಲಿ ಕಸ ಸೇರಿ ಅದು ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ನೈಟ್ರಿಕ್ ಆಸಿಡ್ ಉಡಾವಣೆಗೆ ಮುಂಚೆಯೇ ಸೋರಿಹೋಗಿತ್ತು. ಹಾರುವ ಹೊತ್ತಿಗೆ ಆ ವ್ಯವಸ್ಥೆಯಲ್ಲಿ ಕೆಲಸಕ್ಕೆ ಬೇಕಾದಷ್ಟು ಆಸಿಡ್ ಉಳಿದಿರಲಿಲ್ಲ.

ಅಂದು ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆ ಹೊತ್ತವರು ಧವನ್. ತಂಡ ಚೆನ್ನಾಗಿ ದುಡಿದಿದೆ, ಅದಕ್ಕೆ ಇನ್ನಷ್ಟು ಬೆಂಬಲ ಬೇಕು, ಮುಂದಿನ ವರ್ಷ ಗೆಲ್ಲುತ್ತೇವೆ ಎಂಬ ಅರ್ಥದ ಮಾತಾಡಿದರು. 1980ರ ಜುಲೈ 18ರಂದು ಅದೇ ಎಸ್‌ಎಲ್‌ವಿ-3, 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿ ಭಾರತವನ್ನು ಸ್ವಂತ ಬಲದಲ್ಲಿ ಉಪಗ್ರಹ ಹಾರಿಸಿದ ದೇಶಗಳ ಸಾಲಿಗೆ ತಂದಾಗ, ಪತ್ರಿಕಾಗೋಷ್ಠಿ ನಡೆಸಿ ಎಂದು ಅವರು ಕಲಾಂ ಅವರಿಗೆ ಹೇಳಿದರು. ಜನ ನೆನಪಿಟ್ಟುಕೊಂಡಿರುವುದು ಈ ಭಾಗವನ್ನು.

ಅಷ್ಟೇ ದೊಡ್ಡ ಸಂಗತಿ ನಡೆದದ್ದು ಆ ಎರಡು ಪತ್ರಿಕಾಗೋಷ್ಠಿಗಳ ನಡುವಿನ ಹನ್ನೊಂದು ತಿಂಗಳಲ್ಲಿ. ವಿಫಲವಾದ ಮರುದಿನವೇ ಪರಿಶೀಲನಾ ಸಭೆ ನಡೆಯಿತು. ಮುಂದಿನ ಒಂದು ಸಭೆಯಲ್ಲಿ, ಯೋಜನಾ ನಿರ್ದೇಶಕನಾಗಿ ತಪ್ಪು ತನ್ನದು ಎಂದು ಕಲಾಂ ಎದ್ದು ನಿಂತು ಒಪ್ಪಿಕೊಂಡರು. ಅವರನ್ನು ಬದಲಾಯಿಸಲಿಲ್ಲ. ಲೆಕ್ಕ ನೋಡಿ ‘ಹಾರಿಸಬಹುದು’ ಎಂದ ತಜ್ಞರ ತಲೆಯ ಮೇಲೆ ಗೂಬೆ ಕೂರಿಸಲಿಲ್ಲ. ಹಾಗೆ ಮಾಡಿದ್ದರೆ ವಾಲ್ವಿನಲ್ಲಿದ್ದ ಕಸದ ಕಥೆ ಅಷ್ಟು ಬೇಗ ಹೊರಬರುತ್ತಿತ್ತೇ? ಶಿಕ್ಷೆಯ ಭಯವಿದ್ದ ಕಡೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಡತ ಸರಿಪಡಿಸಿಕೊಳ್ಳುವುದರಲ್ಲೇ ದಿನ ಕಳೆಯುತ್ತಾರೆ. ಎಂಜಿನಿಯರಿಂಗಿನಲ್ಲಿ ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ದೋಷ ಎಲ್ಲಿದೆ ಎಂದು ಗೊತ್ತಿರುವುದು ಬಹುಮಟ್ಟಿಗೆ ಕೆಳಗಿನ ಮೇಜಿನಲ್ಲಿ ಕೂತವರಿಗೆ. ಅವರ ಬಾಯಿ ಕಟ್ಟಿದರೆ ದೋಷ ಹಾಗೇ ಉಳಿಯುತ್ತದೆ.

ಇದರ ಇನ್ನೊಂದು ಮುಖವನ್ನು ಜಗತ್ತು 1986ರಲ್ಲಿ ಕಂಡಿತು. ಜನವರಿ 27ರ ರಾತ್ರಿ, ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ದಿನ, ಅದರ ಬೂಸ್ಟರ್ ರಾಕೆಟ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ನಾಸಾ ಅಧಿಕಾರಿಗಳಿಗೆ ಒಂದೇ ಮಾತು ಹೇಳಿದರು: ಚಳಿ ವಿಪರೀತ, ಹಾರಿಸಬೇಡಿ. ಬೂಸ್ಟರಿನ ಭಾಗಗಳು ಕೂಡುವಲ್ಲಿ ಬಿಸಿ ಅನಿಲ ಹೊರಬರದಂತೆ ತಡೆಯುವ ರಬ್ಬರ್ ಉಂಗುರಗಳು ಚಳಿಯಲ್ಲಿ ಬಿರುಸಾಗುತ್ತವೆ, ಸಂದಿಯನ್ನು ಬೇಗ ಮುಚ್ಚುವುದಿಲ್ಲ. ರೋಜರ್ ಬೊಯ್ಸ್‌ಜೋಲಿ ಎಂಬ ಎಂಜಿನಿಯರ್ ಆರು ತಿಂಗಳ ಹಿಂದೆಯೇ ಇದರ ಅಪಾಯವನ್ನು ಬರೆದು ತಿಳಿಸಿದ್ದರು. ನಾಸಾ ಕಡೆಯಿಂದ ಅಸಮಾಧಾನ ವ್ಯಕ್ತವಾಯಿತು. ಕಂಪನಿಯ ನಾಲ್ವರು ಹಿರಿಯ ಅಧಿಕಾರಿಗಳು ತಮ್ಮಲ್ಲೇ ಮಾತಾಡಿಕೊಂಡರು. ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಈಗ ಎಂಜಿನಿಯರಾಗಿ ಅಲ್ಲ, ಮ್ಯಾನೇಜರ್ ಆಗಿ ಯೋಚಿಸಿ ಎಂದು ಹೇಳಲಾಯಿತು. ಶಿಫಾರಸು ತಿರುಗಿಬಿತ್ತು. ಮರುದಿನ ಹಾರಿದ 73ನೇ ಸೆಕೆಂಡಿಗೆ ನೌಕೆ ಛಿದ್ರವಾಯಿತು, ಏಳು ಮಂದಿ ಸತ್ತರು.

ಎಚ್ಚರಿಕೆಯನ್ನು ಮೀರಿದ್ದು ಶ್ರೀಹರಿಕೋಟಾದಲ್ಲೂ ನಡೆದಿತ್ತು ಎಂಬುದನ್ನು ಒಪ್ಪಬೇಕು. ಅಲ್ಲಿ ರಾಕೆಟ್ಟಿನೊಳಗೆ ಮನುಷ್ಯರಿರಲಿಲ್ಲ, ಚಾಲೆಂಜರಿನಲ್ಲಿದ್ದರು. ಅದು ಮೊದಲ ವ್ಯತ್ಯಾಸ. ಶ್ರೀಹರಿಕೋಟಾದಲ್ಲಿ ಲೆಕ್ಕ ಹಾಕಿದವರ ಮಾತಿನಂತೆ ತೀರ್ಮಾನವಾಯಿತು, ಚಾಲೆಂಜರ್ ವಿಷಯದಲ್ಲಿ ಲೆಕ್ಕ ಹಾಕಿದವರನ್ನು ಬದಿಗೆ ಸರಿಸಿ ತೀರ್ಮಾನವಾಯಿತು, ಅದು ಎರಡನೆಯದು. ಮೂರನೆಯದು ಆಮೇಲೆ ನಡೆದದ್ದು. ತನಿಖಾ ಆಯೋಗದ ಮುಂದೆ ಸತ್ಯ ಹೇಳಿದ ಬೊಯ್ಸ್‌ಜೋಲಿ ಸಹೋದ್ಯೋಗಿಗಳಿಗೇ ಬೇಡವಾದರು, ಆ ಕೆಲಸದಲ್ಲಿ ಉಳಿಯಲಾಗಲಿಲ್ಲ. ಉಡಾವಣೆಯ ಒಪ್ಪಿಗೆಗೆ ಸಹಿ ಹಾಕಲು ನಿರಾಕರಿಸಿದ್ದ ಇನ್ನೊಬ್ಬ ಎಂಜಿನಿಯರ್ ಅಲನ್ ಮೆಕ್‌ಡೊನಾಲ್ಡ್ ಅವರನ್ನು ಕಂಪನಿ ಕೆಳಗಿಳಿಸಿತು. ಅಮೆರಿಕದ ಸಂಸತ್ತಿನ ಸದಸ್ಯರು ಮಧ್ಯೆ ಬಂದ ಮೇಲೆ ಅವರ ಸ್ಥಾನ ಮರಳಿ ಸಿಕ್ಕಿತು. ಬೂಸ್ಟರಿನ ಜೋಡಣೆಯನ್ನು ಹೊಸದಾಗಿ ವಿನ್ಯಾಸ ಮಾಡಿದ ತಂಡವನ್ನು ಮುನ್ನಡೆಸಿದವರು ಅವರೇ. ‘ಬೇಡ’ ಎಂದವನೇ ಕೊನೆಗೆ ಅದನ್ನು ಸರಿಪಡಿಸಿದ.

ತಪ್ಪನ್ನು ಭಯವಿಲ್ಲದೆ ಹೇಳಿಕೊಳ್ಳುವುದರ ಬೆಲೆಯನ್ನು ಸಂಶೋಧನೆಯೂ ತೋರಿಸಿದೆ. ಹಾರ್ವರ್ಡಿನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ತೊಂಬತ್ತರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ನಿರೀಕ್ಷಿಸಿದ್ದರು. ಲೆಕ್ಕ ನೋಡಿದರೆ ಆ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಹೇಳಿದರೆ ಅವಮಾನವಾಗದು ಎಂಬ ಭರವಸೆ ಇದ್ದ ತಂಡಗಳು ಬೇಗ ಕಲಿಯುತ್ತವೆ ಎಂಬ ಅವರ ಪ್ರಬಂಧ 1999ರಲ್ಲಿ ಬಂತು. ಗೂಗಲ್ ಕಂಪನಿ ತನ್ನ ತಂಡಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ಬಂದು ನಿಂತದ್ದೂ ಇದೇ ಜಾಗಕ್ಕೆ.

ಗೂಗಲ್‌ನ ಇನ್ನೊಂದು ಪ್ರಸಂಗ ನಮ್ಮ ಊರಿನ ಸಾಫ್ಟ್‌ವೇರ್ ಮಂದಿಗೆ ಹತ್ತಿರದ್ದು. ಕಂಪನಿಯ ಆರಂಭದ ವರ್ಷಗಳಲ್ಲಿ ಎಂಜಿನಿಯರುಗಳಿಗೆ ಮ್ಯಾನೇಜರುಗಳೇ ಬೇಡ ಎಂದು ಆ ಹುದ್ದೆಗಳನ್ನು ತೆಗೆದು ನೋಡಿದರು. ಖರ್ಚಿನ ಬಿಲ್ಲಿನಿಂದ ಹಿಡಿದು ಜಗಳದವರೆಗೆ ಎಲ್ಲವೂ ನೇರವಾಗಿ ಸ್ಥಾಪಕ ಲ್ಯಾರಿ ಪೇಜ್ ಮೇಜಿಗೆ ಬರತೊಡಗಿ, ಕೆಲವೇ ತಿಂಗಳಲ್ಲಿ ಆ ಪ್ರಯೋಗ ಕೈಬಿಟ್ಟರು. ಮುಂದೆ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್ ಏನು ಮಾಡುತ್ತಾರೆ ಎಂದು ಸಮೀಕ್ಷೆಗಳನ್ನು, ಕೆಲಸದ ಮೌಲ್ಯಮಾಪನಗಳನ್ನು ಜಾಲಾಡಿದರು. ಸಿಕ್ಕಿದ್ದು ಎಂಟು ಗುಣ. ಮೊದಲನೆಯದು, ಕಲಿಸಿ ತಿದ್ದುವುದು. ಎರಡನೆಯದು, ಪ್ರತಿಯೊಂದಕ್ಕೂ ಮೂಗು ತೂರಿಸದೆ ಕೆಲಸ ಬಿಟ್ಟುಕೊಡುವುದು. ಕೈಕೆಳಗಿನವರ ವೃತ್ತಿ ಬೆಳವಣಿಗೆಗೆ ನೆರವಾಗುವುದೂ ಆ ಪಟ್ಟಿಯಲ್ಲಿತ್ತು. ತಾಂತ್ರಿಕ ಜ್ಞಾನ ಎಂಟನೆಯದು. ತಾಂತ್ರಿಕ ಜ್ಞಾನ ಬೇಡ ಎಂದು ಇದನ್ನು ಓದಿಕೊಂಡವರಿದ್ದಾರೆ, ಅದು ತಪ್ಪು ಓದು. ಎಂಟರಲ್ಲಿ ಅದೂ ಒಂದು. ಅದೊಂದಿದ್ದರೆ ಸಾಲದು ಎಂಬುದಷ್ಟೇ ಅದರ ತಾತ್ಪರ್ಯ.

ಇನ್ನು ಬಡ್ತಿ. ಲೋಕೋಪಯೋಗಿ ಇಲಾಖೆಯನ್ನೋ ನೀರಾವರಿ ಇಲಾಖೆಯನ್ನೋ ಸೇರಿದ ಎಂಜಿನಿಯರ್ ಮುಂದೆ ಒಂದೇ ಏಣಿ ಇರುತ್ತದೆ: ಸಹಾಯಕ ಎಂಜಿನಿಯರ್, ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕಾರ್ಯಪಾಲಕ ಎಂಜಿನಿಯರ್, ಅಧೀಕ್ಷಕ ಎಂಜಿನಿಯರ್, ಮುಖ್ಯ ಎಂಜಿನಿಯರ್. ಮೇಲಿನ ಹುದ್ದೆ ಖಾಲಿಯಾಗಬೇಕು, ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಮೇಲೆ ಬರಬೇಕು. ಪ್ರತಿ ಮೆಟ್ಟಿಲಿಗೂ ಕಡತ ಹೆಚ್ಚುತ್ತದೆ, ಲೆವೆಲ್ ಯಂತ್ರ, ನಕ್ಷೆ, ಲೆಕ್ಕ ದೂರವಾಗುತ್ತವೆ. ಅಣುಶಕ್ತಿ ಮತ್ತು ಬಾಹ್ಯಾಕಾಶ ಇಲಾಖೆಗಳು ಬೇರೆ ದಾರಿ ಮಾಡಿಕೊಂಡವು. ಅಲ್ಲಿ ಬಡ್ತಿಗೆ ಖಾಲಿ ಹುದ್ದೆಗಾಗಿ ಕಾಯಬೇಕಿಲ್ಲ. ನಿಗದಿತ ವರ್ಷಗಳ ಸೇವೆಯ ನಂತರ ಕೆಲಸದ ಗುಣ ನೋಡಿ, ಸಂದರ್ಶನ ಮಾಡಿ, ಆ ವ್ಯಕ್ತಿಯ ದರ್ಜೆಯನ್ನೇ ಏರಿಸುತ್ತಾರೆ. ಬಾಹ್ಯಾಕಾಶ ಇಲಾಖೆಯಲ್ಲಿ ಹೆಸರು ‘ಸೈಂಟಿಸ್ಟ್/ಎಂಜಿನಿಯರ್’ ಎಂದೇ ಉಳಿಯುತ್ತದೆ, ಮುಂದಿನ ಅಕ್ಷರ ಬದಲಾಗುತ್ತದೆ. ಇಪ್ಪತ್ತು ವರ್ಷ ವಾಲ್ವುಗಳ ಮೇಲೇ ಕೆಲಸ ಮಾಡಿದವರು, ವಾಲ್ವು ಬಿಡದೆ ಹಿರಿಯ ದರ್ಜೆಗೆ ಹೋಗಬಹುದು. ವ್ಯವಸ್ಥೆಯಲ್ಲಿ ಕೊರತೆ ಇಲ್ಲವೆಂದಲ್ಲ; ಆದರೆ ಅನುಭವಿಗಳನ್ನು ಅನುಭವದ ಕಡೆಯೇ ಉಳಿಸಿಕೊಳ್ಳಲು ಇದಕ್ಕಿಂತ ನೇರವಾದ ಉಪಾಯ ಕಾಣದು.

ಸಾಫ್ಟ್‌ವೇರ್ ಕಂಪನಿಗಳಲ್ಲೂ ಈಗ ಎರಡು ಏಣಿಗಳ ಪದ್ಧತಿ ಬಂದಿದೆ. ಒಂದು ಮ್ಯಾನೇಜರುಗಳದು, ಇನ್ನೊಂದು ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಎಂದು ಮೇಲೇರುವವರದು. ಆದರೂ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮದುವೆಯ ಮಾತುಕತೆಗೆ ಕೂತಾಗ ಈಗಲೂ ಬರುವ ಪ್ರಶ್ನೆ, ‘ಹುಡುಗನ ಕೈಕೆಳಗೆ ಎಷ್ಟು ಜನ ಇದ್ದಾರೆ?’ ಈ ಒತ್ತಡಕ್ಕೆ ಸಿಕ್ಕಿ, ಕೋಡ್ ಬರೆಯುವುದರಲ್ಲಿ ಸುಖ ಕಂಡವರು ಒಲ್ಲದ ಮನಸ್ಸಿನಿಂದ ಮ್ಯಾನೇಜರುಗಳಾಗುತ್ತಾರೆ. ಕಂಪನಿ ಒಬ್ಬ ಒಳ್ಳೆಯ ಎಂಜಿನಿಯರನ್ನು ಕಳೆದುಕೊಳ್ಳುತ್ತದೆ. ಹತ್ತು ಜನರಿಗೆ ಮನಸ್ಸಿಲ್ಲದ ಮೇಲಧಿಕಾರಿ ಸಿಗುತ್ತಾರೆ.

ರಾಕೆಟ್ಟು, ಗೂಗಲ್ಲು ದೂರವೆನಿಸಿದರೆ ಯಾವುದೇ ಕಟ್ಟಡದ ಸೈಟಿಗೆ ಹೋಗಿ ನೋಡಬಹುದು. ಸ್ಲ್ಯಾಬ್ ಹಾಕುವ ದಿನ. ಸೆಂಟ್ರಿಂಗ್ ಆಗಿದೆ, ಕಂಬಿ ಕಟ್ಟಿದ್ದಾರೆ, ಮಿಕ್ಸರ್ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿವೆ. ಕೆಲಸಕ್ಕೆ ಸೇರಿ ವರ್ಷ ತುಂಬದ ಸೈಟ್ ಎಂಜಿನಿಯರ್ ಒಂದು ಲಾರಿಯ ಕಾಂಕ್ರೀಟನ್ನು ಕೋನಿನಲ್ಲಿ ತುಂಬಿ, ಕಂಬಿಯಿಂದ ಕುಟ್ಟಿ, ಕೋನನ್ನು ಮೇಲಕ್ಕೆತ್ತುತ್ತಾಳೆ. ಕಾಂಕ್ರೀಟು ಇಳಿಯಬೇಕಾದದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ದಾರಿಯಲ್ಲಿ ಯಾರೋ ನೀರು ಸೇರಿಸಿರಬೇಕು. ‘ಸರ್, ಸ್ಲಂಪ್ ಜಾಸ್ತಿ ಬಂದಿದೆ, ಈ ಲಾರಿ ವಾಪಸ್ ಕಳಿಸೋಣ’ ಎನ್ನುತ್ತಾಳೆ. ಕಂಟ್ರಾಕ್ಟರಿಗೆ ಸಿಟ್ಟು, ಮೇಸ್ತ್ರಿಗೆ ಅವಸರ, ಮೇಲೆ ಅರ್ಧ ಹಾಕಿದ ಸ್ಲ್ಯಾಬು. ಪ್ರಾಜೆಕ್ಟ್ ಮ್ಯಾನೇಜರ್ ಮುಂದೆ ಎರಡು ದಾರಿ. ‘ನೀನು ನಿನ್ನೆ ಮೊನ್ನೆ ಬಂದವಳಮ್ಮ, ಸುಮ್ನಿರು’ ಎನ್ನಬಹುದು. ಇಲ್ಲವೇ ಎಲ್ಲರೆದುರು ‘ಅವರು ಹೇಳಿದ ಮೇಲೆ ಮುಗೀತು, ಲಾರಿ ತಿರುಗಿಸಿ’ ಎನ್ನಬಹುದು. ಆ ಹುಡುಗಿ ಮುಂದೆ ಎಂಥ ಎಂಜಿನಿಯರ್ ಆಗುತ್ತಾಳೆ ಎಂಬುದರ ದೊಡ್ಡ ಪಾಲು ಆ ಅರ್ಧ ನಿಮಿಷದಲ್ಲಿದೆ. ಆ ಸ್ಲ್ಯಾಬಿನ ಆಯುಸ್ಸೂ ಅಲ್ಲೇ ಇದೆ.

ಕಲಾಂ 1982ರಲ್ಲಿ ಇಸ್ರೋ ಬಿಟ್ಟು ಹೈದರಾಬಾದಿನ ಕ್ಷಿಪಣಿ ಪ್ರಯೋಗಾಲಯಕ್ಕೆ ಹೋದರು. ಗೆದ್ದ ತಂಡದ ನಾಯಕ ಬೇರೆ ಸಂಸ್ಥೆಗೆ ಹೊರಟಾಗ ಹಿಡಿದು ನಿಲ್ಲಿಸಿಕೊಳ್ಳುವ ಮೇಲಧಿಕಾರಿಗಳು ಎಲ್ಲ ಕಾಲದಲ್ಲೂ ಇದ್ದಾರೆ. ಒಳ್ಳೆಯ ಕೆಲಸಗಾರನ ವರ್ಗಾವಣೆ ಅರ್ಜಿಯನ್ನು ಡ್ರಾಯರಿನಲ್ಲೇ ಇಟ್ಟುಕೊಳ್ಳುವುದು ಸರ್ಕಾರಿ, ಖಾಸಗಿ ಎರಡೂ ಕಡೆ ಉಂಟು. ಧವನ್ ಕಾಲದ ಇಸ್ರೋ ಅವರನ್ನು ಬಿಟ್ಟುಕೊಟ್ಟಿತು. ಮರುವರ್ಷ ಶುರುವಾದ ಕ್ಷಿಪಣಿ ಯೋಜನೆಯ ಮುಂದಾಳತ್ವ ಕಲಾಂ ಅವರದಾಯಿತು. ಧವನ್ 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಕಲಾಂ ರಾಷ್ಟ್ರಪತಿಯಾದರು, ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಧವನ್ ಹೆಸರು ಬಂತು.

ಈ ವರ್ಷ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಸಂಬಳದ ಜೊತೆಗೆ ಇನ್ನೂ ಮೂರು ಮಾತು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಆ ತಂಡದಲ್ಲಿ ಹಿಂದಿನ ಸಲ ಕೆಲಸ ಕೆಟ್ಟಾಗ ಏನಾಯಿತು? ಎರಡು ಮೂರು ವರ್ಷದ ಅನುಭವದವರು ಈಗ ಯಾವ ಹೊಣೆ ಹೊತ್ತಿದ್ದಾರೆ? ಆ ಮೇಲಧಿಕಾರಿಯ ಕೈಕೆಳಗೆ ದುಡಿದವರು ಇಂದು ಎಲ್ಲಿದ್ದಾರೆ? ಸಂದರ್ಶನದಲ್ಲಿ ಕೇಳಲು ಸಂಕೋಚವಾದರೆ ಅಲ್ಲಿ ಕೆಲಸ ಮಾಡುವ ಸೀನಿಯರನ್ನು ಕ್ಯಾಂಟೀನಿನಲ್ಲಿ ಕೇಳಬಹುದು. ಈಗಾಗಲೇ ತಂಡ ನಡೆಸುತ್ತಿರುವವರಲ್ಲಿ ಒಂದು ವಿನಂತಿ: ಮುಂದಿನ ಸಲ ಹಿರಿಯ ಅಧಿಕಾರಿಗಳ ಮುಂದೆ ಕೆಲಸ ವಿವರಿಸುವ ಅವಕಾಶ ಬಂದಾಗ, ಆ ಕೆಲಸ ಮಾಡಿದ ಕಿರಿಯರನ್ನೇ ಎದ್ದು ನಿಂತು ಮಾತಾಡಲು ಬಿಡಿ. ಅವರು ತಡವರಿಸಿದರೆ ಪಕ್ಕದಲ್ಲಿ ನೀವಿರಿ.